ಮೇಷ್ಟ್ರ ಕೊರಳಿನ ಮೈಕು

ನನ್ನ ಎರಡೂ ಕಿವಿಗೆ ಮಷಿನ್ ಇದೆ. ಪಾಠ ಮಾಡುವವರು ಕೊರಳಿಗೆ ಒಂದು ಪುಟ್ಟ ಮೈಕು ಹಾಕಿಕೊಂಡರೆ ಅವರ ಮಾತು ತಂತಿಯಿಲ್ಲದೆ ನೇರ ನನ್ನ ಕಿವಿಗೆ ಬರುತ್ತದೆ. ಮೈಕು ಇಲ್ಲದಿದ್ದರೆ ಪಾಠವೆಲ್ಲ ಪಕ್ಕದ ಮನೆಯ ಗೊಣಗಾಟದಂತೆ. ಏನೋ ನಡೆಯುತ್ತಿದೆ ಎಂದಷ್ಟೇ ಗೊತ್ತಾಗುತ್ತದೆ.

ಅರ್ಥಶಾಸ್ತ್ರದ ಮೇಷ್ಟ್ರಿಗೆ ನಾವಿಟ್ಟ ಹೆಸರು ಸೀಮೆಸುಣ್ಣ. ಪಾಠ ಚೆನ್ನಾಗಿಯೇ ಮಾಡುತ್ತಾರೆ, ಆದರೆ ಗಮನ ಕೊಡುವವರು ಯಾರು? ತರಗತಿ ತುಂಬ ತೆರೆದ ಲ್ಯಾಪ್‌ಟಾಪ್‌ಗಳು. ಮುಂದಿನಿಂದ ನೋಡಿದರೆ ಎಲ್ಲರೂ ನೋಟ್ಸ್ ಬರೆದುಕೊಳ್ಳುವ ಮಹಾ ಸಾಧುಗಳು. ಹಿಂದಿನಿಂದ ನೋಡಿದರೆ ಒಬ್ಬ ಶೂ ಆರಿಸುತ್ತಿರುತ್ತಾನೆ, ಇನ್ನೊಬ್ಬಳು ತನ್ನದೇ ಫೋಟೊ ತಿದ್ದುತ್ತಿರುತ್ತಾಳೆ.

ಆ ದಿನ ಹಣದುಬ್ಬರದ ಪಾಠದ ನಡುವೆ ಕೊನೆಯ ಬೆಂಚಿನ ಲ್ಯಾಪ್‌ಟಾಪಿನಿಂದ ಪಂದ್ಯದ ಗದ್ದಲ ಹೊರಬಿತ್ತು. ಯಾರದೋ ಇಯರ್‌ಫೋನಿನ ಸಂಪರ್ಕ ತಪ್ಪಿತ್ತು. ಮೇಷ್ಟ್ರ ಪಿತ್ತ ನೆತ್ತಿಗೇರಿತು.

"ನಾಳೆಯಿಂದ ಲ್ಯಾಪ್‌ಟಾಪು ಮನೇಲಿ. ಫೋನು, ಇಯರ್‌ಫೋನು, ವೈರ್‌ಲೆಸ್ ಅನ್ನೋದೆಲ್ಲ ಬಾಗಿಲ ಹತ್ರ ಬುಟ್ಟೀಲಿ. ಯಾರಿಗೂ ವಿನಾಯ್ತಿ ಇಲ್ಲ" ಎಂದು ಡಸ್ಟರ್ ಕುಕ್ಕಿ ಹೊರಟೇಬಿಟ್ಟರು.

ಸಿಟ್ಟಿನಲ್ಲಿ ಮೈಕು ಬಿಚ್ಚಿಕೊಡಲು ಮರೆತಿದ್ದರು. ಪಕ್ಕದ ಕೋಣೆಯೇ ಸ್ಟಾಫ್‌ರೂಮು. ನಾನು ಮಷಿನ್ ಆರಿಸಬಹುದಿತ್ತು. ಆರಿಸಲಿಲ್ಲ, ಪುಕ್ಕಟೆ ಸಿಕ್ಕ ಮಾತನ್ನು ಯಾರು ಬಿಡುತ್ತಾರೆ?

ಕುರ್ಚಿ ಎಳೆದ ಸದ್ದು, ನೀರು ಕುಡಿದ ಸದ್ದು. ಮೇಷ್ಟ್ರು ಯಾರಿಗೋ ಬುಟ್ಟಿಯ ವಿಷಯ ಹೇಳಿದರು. ಆಮೇಲೆ ಪ್ರಿನ್ಸಿಪಾಲ್ ಮೇಡಂ ಧ್ವನಿ: "ಆ ಕಿವಿ ಕೇಳದ ಹುಡುಗಿ ಕತೆ ಏನು ಸಾರ್? ಅವಳದೂ ವೈರ್‌ಲೆಸ್ಸೇ ಅಲ್ವಾ?"

"ಒಬ್ಬಳಿಗೆ ಬಿಟ್ರೆ ಎಲ್ಲರೂ ಒಂದೊಂದು ನೆಪ ತರ್ತಾರೆ ಮೇಡಂ. ನೋಟ್ಸ್ ಪ್ರಿಂಟ್ ಹಾಕಿ ಕೊಟ್ರಾಯ್ತು. ಪಾಪದ ಹುಡುಗಿ, ಬಾಯಿ ಬಿಡಲ್ಲ."

ಮೈಯೆಲ್ಲ ಉರಿದುಹೋಯಿತು. ಪಾಪದ ಹುಡುಗಿಯಂತೆ. ಇಷ್ಟು ದಿನ ಅವರ ಮುಖವನ್ನೇ ನೋಡಿಕೊಂಡು ಪಾಠ ಕೇಳಿದವಳು ನಾನೊಬ್ಬಳೇ. ಅಳು ಬಂತು, ಬಂದರೆ ಬರಲಿ ಎಂದು ಅತ್ತೆ. ಆಮೇಲೆ ಮುಖ ತೊಳೆದು ಮೈಕು ಇಸಿದುಕೊಳ್ಳಲು ಹೋದರೆ, "ಮರೆತೇಬಿಟ್ಟೆ ಕಣಮ್ಮ" ಎಂದು ಮೇಷ್ಟ್ರು ನಕ್ಕರು. ನಾನು ನಗಲಿಲ್ಲ.

ಮನೆಯಲ್ಲಿ ಅಮ್ಮ ಹೊಲಿಗೆ ನಿಲ್ಲಿಸಿ ಎಲ್ಲ ಕೇಳಿಸಿಕೊಂಡಳು. "ಇನ್ನೊಂದು ವರ್ಷ ತಾನೆ, ಹೇಗೋ ಹೊಂದ್ಕೊಂಡು ಹೋಗೇ."

"ಹೊಂದ್ಕೊಳ್ಳೋಕಾದ್ರೂ ಪಾಠ ಕಿವಿಗೆ ಬೀಳ್ಬೇಕಲ್ಲಮ್ಮ. ಫೇಲಾದ್ರೆ ನೀನೇ ಬೈತೀಯ."

ಅಮ್ಮ ಮತ್ತೆ ಬಟ್ಟೆ ಕೈಗೆತ್ತಿಕೊಂಡಳು. "ಮಾತಾಡು, ಆದರೆ ಮರ್ಯಾದೆಯಾಗಿ ಮಾತಾಡು" ಎಂದಳು.

ಮರುದಿನ ಬುಟ್ಟಿ ಬಂದಿತ್ತು. ಎಲ್ಲರ ಫೋನಿನ ಮೇಲೆ ನನ್ನ ಮೈಕನ್ನೂ ಇಟ್ಟು ಮೊದಲ ಬೆಂಚಿನಲ್ಲಿ ಕೂತೆ. ಮೇಷ್ಟ್ರು ಮೊದಲ ವಾಕ್ಯ ಮುಗಿಸಿದರು. ನಾನು ಎದ್ದುನಿಂತೆ.

"ಏನಂದ್ರಿ ಸಾರ್?"

ಜೋರಾಗಿ ಇನ್ನೊಮ್ಮೆ ಹೇಳಿದರು. ಬೋರ್ಡಿನ ಕಡೆ ತಿರುಗಿ ಎರಡನೆಯದು ಹೇಳಿದರು.

"ಏನಂದ್ರಿ ಸಾರ್? ಆ ಕಡೆ ತಿರುಗಿದ್ರೆ ತುಟಿ ಕಾಣಲ್ಲ."

ಹಿಂದೆ ಕಿಸಕ್ಕೆಂದು ನಕ್ಕರು. ನಗಲಿ, ನನಗೇನು. ಪ್ರತಿ ವಾಕ್ಯಕ್ಕೂ ಎದ್ದೆ. ಅರ್ಧ ಪೀರಿಯಡ್ ಕಳೆದರೂ ಒಂದು ವ್ಯಾಖ್ಯೆ ಮುಗಿಯಲಿಲ್ಲ. ಆ ಹೊತ್ತಿಗೆ ನಗುವವರೂ ಸುಸ್ತಾಗಿದ್ದರು.

ಮೇಷ್ಟ್ರು ನನ್ನ ಬೆಂಚಿನ ಹತ್ತಿರವೇ ಬಂದರು. "ಬೇಕೂಂತಲೇ ಮಾಡ್ತಿದ್ದೀಯಾ?"

"ಇಲ್ಲ ಸಾರ್. ಮೈಕಿಲ್ಲದಿದ್ರೆ ನನಗೆ ದಿನಾ ಹೀಗೇ."

"ನೋಟ್ಸ್ ಕೊಡ್ತೀನಲ್ಲಮ್ಮ."

"ನೋಟ್ಸೇ ಸಾಕಾಗಿದ್ರೆ ಇವರೆಲ್ಲ ಯಾಕೆ ಬರ್ಬೇಕು ಸಾರ್? ನಾನು ಬಾಯಿ ಬಿಡಲ್ಲ ಅಂತ ನಿನ್ನೆ ಮೇಡಂಗೆ ಹೇಳಿದ್ರಿ. ಮೈಕು ಆಗ ನಿಮ್ಮ ಕೊರಳಲ್ಲೇ ಇತ್ತು."

ಮೇಷ್ಟ್ರ ಮುಖ ಕೆಂಪಾಯಿತು. ಬುಟ್ಟಿಯ ಹತ್ತಿರ ಹೋಗಿ ಫೋನುಗಳ ನಡುವಿನಿಂದ ಮೈಕು ಹೆಕ್ಕಿ, ಕೊರಳಿಗೆ ಹಾಕಿ ಗುಂಡಿ ಒತ್ತಿದರು. ಬೋರ್ಡಿಗೆ ಮುಖ ಮಾಡಿ ಏನನ್ನೋ ಬರೆಯತೊಡಗಿದರು. ಅವರ ಪಿಸುಮಾತು ನೇರ ನನ್ನ ಕಿವಿಗೆ ಬಂತು: "ತಪ್ಪಾಯ್ತು ಕಣಮ್ಮ. ಹಾಗೆ ಅನ್ನಬಾರದಿತ್ತು."

ಉಳಿದವರೆಲ್ಲ ಅವರ ಬೆನ್ನು ನೋಡುತ್ತ ಕೂತಿದ್ದರು. ನಾನು ಮತ್ತೆ ಎದ್ದುನಿಂತೆ.

"ನನಗೆ ಕೇಳಿಸ್ತು ಸಾರ್. ಇವರಿಗ್ಯಾರಿಗೂ ಕೇಳಿಸ್ಲಿಲ್ಲ. ಸ್ವಲ್ಪ ಜೋರಾಗಿ ಹೇಳಿ."