ಬಂಡೆಯಡಿಯ ಒಣ ಗುರುತು

ಆ ಬೆಳಿಗ್ಗೆ ನಮ್ಮ ಉರಾ ಕಣಿವೆಗೆ ವರ್ಷದ ಮೊದಲ ಹಿಮ ಬಿದ್ದಿತ್ತು. ಯಾರೋ ಜರಡಿ ಹಿಡಿದು ಹಿಟ್ಟು ಉದುರಿಸಿದಷ್ಟೇ, ಹೆಚ್ಚಿಲ್ಲ. ರಾತ್ರಿಯೆಲ್ಲ ಹುಯ್ಯಲಿಟ್ಟ ಗಾಳಿ ಅಡಗಿತ್ತು. ಪ್ರಾರ್ಥನೆಯ ಬಾವುಟಗಳು ಕಂಬಕ್ಕೆ ಅಂಟಿಕೊಂಡು, ಮಾತು ಮರೆತವರ ಹಾಗೆ ನಿಂತಿದ್ದವು.

ನನ್ನ ಮನೆಯಲ್ಲಿ ಜಪಾನಿನ ಪ್ರವಾಸಿಗಳ ಗುಂಪು ಇಳಿದುಕೊಂಡಿತ್ತು. ಎಲ್ಲರೂ ವಯಸ್ಸಾದವರು, ಎಲ್ಲರ ತಲೆಯ ಮೇಲೂ ಒಂದೇ ನೀಲಿ ಟೋಪಿ. ಗಂಡ ಹೆಂಡತಿ, ಗಂಡ ಹೆಂಡತಿ, ಹೀಗೇ ಜೋಡಿ ಜೋಡಿ. ಹಿರಾಯಿ ಎಂಬವರೊಬ್ಬರೇ ಒಂಟಿ. ಎಲ್ಲರ ಫೋಟೋ ಅವರೇ ತೆಗೆಯುತ್ತಿದ್ದರು. ಅವರದೊಂದು ತೆಗೆಯಬೇಕೆಂದು ಯಾರಿಗೂ ತೋಚುತ್ತಿರಲಿಲ್ಲ. ಊಟಕ್ಕೆ ಒಲೆಯಿಂದ ದೂರದ ಮೂಲೆ ಹುಡುಕುತ್ತಿದ್ದರು. ನಾನೂ ಒಬ್ಬಳೇ ಉಣ್ಣುವವಳು. ಅಂಥವರು ತಟ್ಟೆಯನ್ನು ಹೇಗೆ ಹತ್ತಿರಕ್ಕೆ ಎಳೆದುಕೊಳ್ಳುತ್ತಾರೆಂದು ಗೊತ್ತು.

ಬೆಳಕು ಹರಿಯುತ್ತಲೇ ಜಪಮಣಿ ಹಿಡಿದು ಮನೆಯ ಹಿಂದಿನ ದೊಡ್ಡ ಬಂಡೆಗೆ ಪ್ರದಕ್ಷಿಣೆ ಹಾಕಲು ಹೋದೆ. ಆ ಬಂಡೆಯಡಿಯ ಸಂದಿನಲ್ಲಿ ನನ್ನ ಮಗಳು ಯಾಂಗ್‌ಚೆನ್ ಇದ್ದಾಳೆ. ಅವಳ ಚಿತೆಯ ಬೂದಿಯನ್ನು ಜೇಡಿಮಣ್ಣಿಗೆ ಕಲಸಿ, ಅಚ್ಚಿಗೆ ಒತ್ತಿ, ಅಂಗೈಯಲ್ಲಿ ಹಿಡಿಯುವಷ್ಟು ಪುಟ್ಟ ಸ್ತೂಪಗಳನ್ನು ಮಾಡಿ ನಾನೇ ಸಾಲಾಗಿ ಇಟ್ಟದ್ದು. ತ್ಸಾತ್ಸ ಅನ್ನುತ್ತೇವೆ. ಅವನ್ನು ಕದಲಿಸಬಾರದು. ತಾವಾಗಿಯೇ ಕರಗಿ ಮಣ್ಣಿಗೆ ಮಣ್ಣಾಗಬೇಕು. ಅಷ್ಟರಲ್ಲಿ ಹೋದ ಜೀವದ ಭಾರವೂ ಕಳೆಯುತ್ತದೆ.

ಗಾಳಿ ಸಂದಿನೊಳಕ್ಕೂ ಹಿಮ ತೂರಿತ್ತು. ಎಲ್ಲ ಸ್ತೂಪಗಳ ನೆತ್ತಿಯೂ ಬೆಳ್ಳಗೆ. ಮುಂದಿನ ಸಾಲಿನಲ್ಲಿ ಒಂದು ಕಡೆ ಮಾತ್ರ ಗುಂಡಗೆ, ಒಣಗಿದ ಕಪ್ಪು ನೆಲ. ಅಲ್ಲಿದ್ದದ್ದು ಇಲ್ಲ. ಒಬ್ಬರ ಹೆಜ್ಜೆಗಳು ಬಂದು, ನಿಂತು, ತಿರುಗಿ ಹೋಗಿದ್ದವು. ಅವುಗಳ ಹಿಂದೆ ನಡೆದೆ. ನನ್ನ ಬಾಗಿಲಿಗೇ ಬಂದವು. ಹೊಸ್ತಿಲಲ್ಲಿ ಹಿರಾಯಿಯವರು ಬೂಟಿನ ಹಿಮ ಕೊಡವುತ್ತಿದ್ದರು. ನನ್ನನ್ನು ಕಂಡು ಸೊಂಟ ಬಗ್ಗಿಸಿ ನಮಸ್ಕರಿಸಿದರು.

"ಅಂಗೇ, ಘಾಟಿ ಮುಚ್ಚಿದೆಯಂತೆ. ಮಧ್ಯಾಹ್ನದ ಊಟ ಮುಗಿಸ್ಕೊಂಡೇ ಹೊರಡೋದು," ಎಂದ ಜಾಂಬೆ. ಗುಂಪನ್ನು ಕರೆತಂದ ಗೈಡ್. ಅಂಗೇ ಅಂದರೆ ಅಜ್ಜಿ. ಹಾಗೆ ಕರೆದು ಕರೆದು ಅವನಿಗೆ ನನ್ನ ಹೆಸರೇ ಮರೆತಿದೆ.

"ಹಾಗಾದ್ರೆ ಇನ್ನೊಂದು ಬುಟ್ಟಿ ಮೆಣಸಿನಕಾಯಿ ಬೇಕು ಕಣೋ."

"ಬೇಡ, ದಮ್ಮಯ್ಯ! ನಿನ್ನೆ ಒಬ್ಬಮ್ಮ ಅತ್ತೇಬಿಟ್ರು. ನಮ್ಮ ಅಂಗೇ ಪ್ರೀತಿ ನೋಡಿ ಕಣ್ಣೀರು ಬಂತು ಅಂತ ಉಳಿದವರಿಗೆ ಸುಳ್ಳು ಹೇಳ್ದೆ."

ನನಗೆ ನಗು ಬರಲಿಲ್ಲ. ಅವನಿಗೆ ಹೇಳಿಬಿಡಲೇ ಎಂದುಕೊಂಡೆ. ಹೇಳಿದರೆ ಎಲ್ಲರೆದುರು ಚೀಲ ಬಿಚ್ಚಿಸುತ್ತಾನೆ. ಆ ಒಂಟಿ ಮನುಷ್ಯ ಉಳಿದ ದಾರಿಯೆಲ್ಲ ತಲೆ ತಗ್ಗಿಸಿ ಕೂರಬೇಕು. ಹೇಳದಿದ್ದರೆ ನನ್ನ ಮಗಳು ಸಮುದ್ರ ದಾಟಿ, ಯಾವುದೋ ಕಪಾಟಿನಲ್ಲಿ ಗೊಂಬೆಗಳ ಪಕ್ಕ ಕೂರುತ್ತಾಳೆ.

ಅವರೆಲ್ಲ ಹಿಮ ನೋಡಲು ಹೊರಗೆ ಹೋದಾಗ ದೇವರ ಕೋಣೆಗೆ ಹೋದೆ. ಅತಿಥಿಗಳು ಮಲಗಿದ್ದೂ ಅಲ್ಲೇ. ಹಿರಾಯಿಯವರ ಚೀಲ ಬಾಯಿ ತೆರೆದುಕೊಂಡೇ ಇತ್ತು. ಕೈ ಚಾಚಿದೆ. ಎದುರಿಗೆ ಬೆಣ್ಣೆ ದೀಪ ಉರಿಯುತ್ತಿತ್ತು. ಕೊಡದೆ ಇರುವುದನ್ನು ತೆಗೆದುಕೊಳ್ಳುವುದಿಲ್ಲ ಎಂದು ದಿನಾ ಬಾಯಿಬಿಟ್ಟು ಹೇಳುವವಳು ನಾನು. ನನ್ನದೇ ವಸ್ತು, ನಿಜ. ಆದರೆ ಹೀಗೆ ತೆಗೆದುಕೊಂಡರೆ ಅವರ ತಪ್ಪು ಅವರಲ್ಲೇ ಉಳಿಯುತ್ತದೆ, ಅದಕ್ಕೆ ನನ್ನದೂ ಒಂದು ಸೇರುತ್ತದೆ. ಅದು ಅವರ ಕೈಯಿಂದಲೇ ಬರಬೇಕು. ಕೈ ಹಿಂದಕ್ಕೆಳೆದುಕೊಂಡು, ದೇವರ ಮುಂದಿನ ಬಟ್ಟಲುಗಳಿಗೆ ನೀರು ತುಂಬಿ ಬಂದೆ.

ನೆರೆಯ ಪೆಂಜೋರ್ ಅಜ್ಜ ತೀರಿಕೊಂಡಿದ್ದ. ಅವನಿಗೆ ಯಾರೂ ಇಲ್ಲದ್ದರಿಂದ ಬೂದಿಯ ಗಂಟು ನನ್ನ ಬಳಿ ಇತ್ತು. ಇವತ್ತೇ ಆಗಲಿ ಎಂದು ಒಲೆಯ ಪಕ್ಕ ಮಣ್ಣು ಕಲಸಲು ಕೂತೆ. ಚಳಿಗೆ ಎಲ್ಲರಿಗಿಂತ ಮೊದಲು ಹಿರಾಯಿಯವರು ಒಳಗೆ ಬಂದು ತಮ್ಮ ಮೂಲೆ ಸೇರಿದರು. ಕೈಸನ್ನೆ ಮಾಡಿ ಹತ್ತಿರ ಕರೆದೆ. ಮಾತು ತಿಳಿಸಲು ಜಾಂಬೆಯನ್ನೂ ಕೂಗಿ ಕೂರಿಸಿಕೊಂಡೆ. ಅಚ್ಚಿನಿಂದ ಕಳಚಿದ ಹಸಿ ಸ್ತೂಪ ಕಂಡು ಅವರ ಮುಖ ಅರಳಿತು.

"ಎಷ್ಟು ಮುದ್ದಾಗಿದೆ ಅಂತಿದ್ದಾರೆ," ಎಂದ ಜಾಂಬೆ. "ಮಕ್ಕಳ ಆಟಕ್ಕೆ ಮಾಡೋದಾ ಅಂತ ಕೇಳ್ತಾರೆ."

ನಾನು ಗಂಟು ಬಿಚ್ಚಿ ಬೂದಿಯನ್ನು ಮಣ್ಣಿಗೆ ಸುರಿದೆ.

"ಆ ಹಿಟ್ಟು ಏನಂತೆ, ಅಂಗೇ?"

"ಪೆಂಜೋರ್ ಅಜ್ಜ ಅಂತ ಹೇಳು."

ಜಾಂಬೆ ನನ್ನ ಮುಖ ನೋಡಿದ. ಆಮೇಲೆ ತಗ್ಗಿದ ದನಿಯಲ್ಲಿ ಹೇಳಿದ. ಹಿರಾಯಿಯವರು ಹಸಿ ಸ್ತೂಪದ ಕಡೆ ಚಾಚಿದ್ದ ಕೈ ಹಿಂದಕ್ಕೆ ತೆಗೆದುಕೊಂಡರು. ಕೊನೆಗೆ ಏನೋ ಕೇಳಿದರು.

"ಹಿಂದಿನ ಬಂಡೆ ಕೆಳಗಿರೋದು ಯಾರು ಅಂತ."

"ನನ್ನ ಮಗಳು."

ಅವರ ಮುಖ ನೋಡಲಿಲ್ಲ. ಮಣ್ಣನ್ನು ಅಚ್ಚಿಗೆ ಒತ್ತಿದೆ. ಒತ್ತಿದಾಗ ಅಡಿಯಲ್ಲಿ ಹೆಬ್ಬೆರಳಿನ ಗುಳಿ ಬೀಳುತ್ತದೆ. ಮಾಡಿದವರ ಗುರುತು ಅದೊಂದೇ. ತಲೆ ಎತ್ತಿದಾಗ ಅವರು ಇರಲಿಲ್ಲ.

ಊಟಕ್ಕೂ ಬರಲಿಲ್ಲ. ಬಿಸಿಲು ಬಂದು ಅಂಗಳದ ಹಿಮ ಕರಗಿತು, ಬೆಳಗಿನ ಹೆಜ್ಜೆಗಳೂ ಅಳಿಸಿದವು. ಬಸ್ಸು ಹಾರನ್ ಹೊಡೆಯಿತು. ನೀಲಿ ಟೋಪಿಗಳು ಒಂದೊಂದಾಗಿ ಹತ್ತಿದವು, ಹಿರಾಯಿಯವರ ಟೋಪಿಯೂ ಹತ್ತಿತು. ಬಾಗಿಲು ಮುಚ್ಚಿತು. ಕಂಬ ಹಿಡಿದುಕೊಂಡು ನಿಂತೆ. ಮಗಳನ್ನು ಇನ್ನೊಮ್ಮೆ ಕಳಿಸಿಕೊಡುವ ಶಕ್ತಿ ನನ್ನಲ್ಲಿರಲಿಲ್ಲ. ಮಂತ್ರವೂ ನಾಲಿಗೆಗೆ ಬರಲಿಲ್ಲ.

ಬಾಗಿಲು ಮತ್ತೆ ತೆರೆಯಿತು.

"ಮತ್ತೇನು ಮರೆತ್ರು ಈ ಯಜಮಾನ್ರು?" ಎಂದು ಒಳಗಿಂದ ಜಾಂಬೆ ಕೂಗಿದ.

ಹಿರಾಯಿಯವರು ಕೆಸರು ದಾಟಿ ಬಂದರು. ಟೋಪಿ ತೆಗೆದು ಕಂಕುಳಲ್ಲಿ ಇಟ್ಟುಕೊಂಡರು. ಎದೆಯ ಹತ್ತಿರ ಹಿಡಿದಿದ್ದ ಬಿಳಿ ಕರವಸ್ತ್ರ ಬಿಚ್ಚಿದರು. ಅವರ ಹೆಬ್ಬೆರಳು ನನ್ನ ಹೆಬ್ಬೆರಳಿನ ಗುಳಿಯಲ್ಲೇ ಇತ್ತು. ತಲೆ ಬಗ್ಗಿಸಿ, ಎರಡೂ ಕೈಯಿಂದ ಆ ಪುಟ್ಟ ಸ್ತೂಪವನ್ನು ನನ್ನ ಎರಡೂ ಕೈಗೆ ಇಟ್ಟರು.