ಹತ್ತು ಅಡಿಗೆ ಹಸಿರು

ಪವಿತ್ರಳ ಕಚೇರಿ ಇದ್ದುದು ನಾಗಮಂಗಲದಲ್ಲಿ, ತೆಂಗಿನಕಾಯಿ ಮಂಡಿಯ ಮೇಲಿನ ಎರಡು ಕೋಣೆಗಳಲ್ಲಿ. ಅಂಗಡಿಗಳಿಗೆ, ಕಲ್ಯಾಣಮಂಟಪಗಳಿಗೆ ವೆಬ್ ಪುಟ ಮಾಡಿಕೊಡುವ ಕೆಲಸ. ಆ ಊರಿನಲ್ಲಿ ಹೊಳೆಯಿಲ್ಲ. ಆದರೂ ಆ ಮಳೆಗಾಲದಲ್ಲಿ ಅವಳು ದಿನವಿಡೀ ಕಾವೇರಿಯನ್ನು ನೋಡುತ್ತಿದ್ದಳು, ಪರದೆಯ ಮೇಲೆ, ಹನ್ನೊಂದು ಡಬ್ಬಗಳಾಗಿ.

ಶ್ರೀರಂಗಪಟ್ಟಣದ ಕಡೆಯ ಹೊಳೆದಂಡೆಯ ರೈತರ ಬಳಗವೊಂದಕ್ಕೆ ಅವಳು ಮಾಡಿಕೊಟ್ಟ ಪುಟ ಅದು. ಊರಿಗೊಂದು ಡಬ್ಬ. ಊರಿನ ಒಬ್ಬರು ದಂಡೆಯ ಅಳತೆಗಲ್ಲು ನೋಡಿ, ನೀರು ಎಷ್ಟು ಅಡಿ ಇದೆ ಎಂದು ಮೊಬೈಲಿನಿಂದ ಕಳಿಸುತ್ತಾರೆ. ಕೂಡಲೇ ಆ ಡಬ್ಬದ ಬಣ್ಣ ತಾನಾಗಿ ಬದಲಾಗಬೇಕು. ಪುಟ ಕಟ್ಟಲು ಅವಳು ಬಳಸಿದ ಜಾವಾಸ್ಕ್ರಿಪ್ಟ್ ಫ್ರೇಮ್‌ವರ್ಕಿನಲ್ಲಿ ಅದಕ್ಕೆ ಒಂದೇ ಸಾಲಿನ ಕೋಡ್ ಸಾಕು: ನೀರು ಆ ಊರಿನ ಮಿತಿ ಮುಟ್ಟಿದರೆ ಡಬ್ಬಕ್ಕೆ ‘ಅಪಾಯ’ ಎಂಬ ಹೆಸರು ಅಂಟಿ ಅದು ಕೆಂಪಾಗುತ್ತದೆ, ಇಲ್ಲದಿದ್ದರೆ ಹಸಿರಾಗಿಯೇ ಇರುತ್ತದೆ. ಬಣ್ಣ ಥಟ್ಟನೆ ಬದಲಾಗದೆ ಮೆಲ್ಲಗೆ ಒಂದರೊಳಗೊಂದು ಕರಗುವಂತೆ ಮಾಡಿದ್ದು ಅವಳಿಗೆ ಬಹಳ ಮೆಚ್ಚಿಕೆಯಾಗಿತ್ತು. ಏಳು, ಎಂಟು, ಒಂಬತ್ತು ಎಂದು ಬರೆದು ಪರೀಕ್ಷೆ ಮಾಡಿದ್ದಳು. ಎಲ್ಲ ಸರಿಯಾಗಿತ್ತು.

ಆಷಾಢದ ಕೊನೆಯ ಮಂಗಳವಾರ ಬೆಳಿಗ್ಗೆ ಪಾಲಹಳ್ಳಿಯ ಡಬ್ಬ ಕೆಂಪಾಯಿತು. ಅಲ್ಲಿಯ ಮಿತಿ ಎಂಟು ಅಡಿ. ಮೇಲೆ ಕೊಡಗಿನಲ್ಲಿ ಮಳೆ ನಿಂತಿರಲಿಲ್ಲ. ಅಣೆಕಟ್ಟೆಯಿಂದ ನೀರು ಬಿಡುತ್ತಾರೆ, ಹೊಳೆಗೆ ಇಳಿಯಬೇಡಿ ಎಂದು ಆಟೋದಲ್ಲಿ ಮೈಕು ಕಟ್ಟಿ ಸಾರಿಯೂ ಆಗಿತ್ತು. ಹನ್ನೊಂದು ಗಂಟೆಗೆ ನೀರು ಒಂಬತ್ತು ಅಡಿ. ಮಧ್ಯಾಹ್ನ ಎರಡರ ಹೊತ್ತಿಗೆ ಅವಳು ಊಟದ ಡಬ್ಬಿ ತೊಳೆದು ಬಂದು ಕೂತಾಗ, ಕಣ್ಣೆದುರಿಗೇ ಆ ಕೆಂಪು ತಿಳಿಯಾಗಿ, ಕರಗಿ, ಹಸಿರಾಯಿತು.

ಸದ್ಯ ಇಳಿಯಿತು ಎಂದುಕೊಂಡಳು. ಆಮೇಲೆ ಡಬ್ಬದೊಳಗಿನ ಅಂಕಿ ನೋಡಿದಳು. ಹತ್ತು.

ಒಂದು ಕ್ಷಣ ಏನೂ ಹೊಳೆಯಲಿಲ್ಲ. ತಾನು ಬರೆದಿದ್ದ ಸಾಲನ್ನು ತೆರೆದಾಗ ಹೊಳೆಯಿತು. ಜನ ಮೊಬೈಲಿನಲ್ಲಿ ಬರೆದದ್ದು, ತಾನು ಮಿತಿಯೆಂದು ತುಂಬಿಸಿದ್ದು ಎರಡೂ ಕಂಪ್ಯೂಟರಿಗೆ ಸಂಖ್ಯೆಗಳಾಗಿರಲಿಲ್ಲ, ಬರೀ ಅಕ್ಷರಗಳು. ನಿಘಂಟಿನಲ್ಲಿ ಪದ ಜೋಡಿಸಿದ ಹಾಗೆ ಅದು ಮೊದಲ ಅಕ್ಷರವನ್ನಷ್ಟೇ ಹೋಲಿಸಿತ್ತು. ಎಂಟಕ್ಕಿಂತ ಒಂಬತ್ತು ದೊಡ್ಡದು. ಹತ್ತು ಶುರುವಾಗುವುದು ಒಂದರಿಂದ. ಒಂದು ಎಂಟಕ್ಕಿಂತ ಚಿಕ್ಕದು.

ಸಾಲನ್ನು ತಿದ್ದಲು ಅರ್ಧ ನಿಮಿಷವೂ ಬೇಕಾಗಲಿಲ್ಲ. ಅವಳ ಪರದೆಯಲ್ಲಿ ಪಾಲಹಳ್ಳಿ ಮತ್ತೆ ಕೆಂಪಾಯಿತು. ಆದರೆ ಆಗಲೇ ಪುಟ ತೆರೆದಿಟ್ಟುಕೊಂಡವರ ಮೊಬೈಲಿನಲ್ಲಿ, ಅವರು ಅದನ್ನು ಮುಚ್ಚಿ ಮತ್ತೆ ತೆರೆಯುವವರೆಗೂ, ಹಳೆಯ ಹಸಿರೇ ಇರುತ್ತದೆ.

ಪಾಲಹಳ್ಳಿಯಲ್ಲಿ ಅಳತೆ ನೋಡುತ್ತಿದ್ದವರು ಮರಿಯಯ್ಯ, ಮೂವತ್ತು ವರ್ಷ ನೀರುಗಂಟಿಯಾಗಿ ನಾಲೆ ಕಾದವರು. ಪವಿತ್ರ ಮೂರನೆಯ ಸಲ ಕರೆ ಮಾಡಿದಾಗ ಫೋನು ಎತ್ತಿದರು. ಹಿಂದೆ ನೀರಿನ ಮೊರೆತ.

“ಅಯ್ಯ, ಬಣ್ಣ ನಂಬ್ಬೇಡಿ. ನನ್ ತಪ್ಪಿಂದ ಅಸ್ರು ಬಂದದೆ. ಯಾರೂ ಇಳೀದಂಗೆ ನೋಡ್ಕಳಿ.”

“ಸಿದ್ದರಾಜು ಇಳ್ದವ್ನೆ ಕಣವ್ವ, ಪಂಪಿನ ಮೋಟ್ರು ಬಿಚ್ಕಂಬತ್ತೀನಿ ಅಂತ. ಬ್ಯಾಡ ಕಣ್ಲಾ, ನೀರು ಏರ್ತಾ ಅದೆ ಅಂದೆ. ಮೊಬೈಲ್ ತೋರಿಸ್ಬುಟ್ಟು ವೋದ.”

“ಕೂಗಿ ಅಯ್ಯ.”

“ಕೂಗ್ತಾನೇ ಇವ್ನಿ. ಕೇಳ್ಬೇಕಲ್ಲ.”

ಫೋನು ಕಟ್ಟಾಗಲಿಲ್ಲ. ಅವರು ಅದನ್ನು ಜೇಬಿಗೆ ಹಾಕಿಕೊಂಡು ಓಡಿರಬೇಕು. ಬಟ್ಟೆ ಉಜ್ಜುವ ಸದ್ದು, ಏದುಸಿರು, “ಲೇ ಸಿದ್ದ” ಎಂಬ ಕೂಗು ಎರಡು ಸಲ, ಆಮೇಲೆ ನೀರು ಮಾತ್ರ. ಪವಿತ್ರ ಅದನ್ನು ಹದಿನೆಂಟು ನಿಮಿಷ ಕೇಳಿದಳು. ಕೆಳಗೆ ಮಂಡಿಯಲ್ಲಿ ಕಾಯಿ ಸುಲಿಯುತ್ತಿದ್ದರು.

ಸಿದ್ದರಾಜು ಸಾಯಲಿಲ್ಲ. ಮೋಟಾರಿಗೆ ಕಟ್ಟಿದ್ದ ಹಗ್ಗ ಎಡಗಾಲಿಗೆ ಸುತ್ತಿಕೊಂಡು, ಅವನನ್ನು ಬಂಡೆಗೂ ಮೋಟಾರಿಗೂ ನಡುವೆ ಸಿಕ್ಕಿಸಿ ಹಿಡಿದಿತ್ತು. ಸಂಜೆ ಹರಿಗೋಲಿನವರು ಬಂದು ಹಗ್ಗ ಕೊಯ್ದು ತಂದರು. ಕಾಲು ಮೊಣಕಾಲಿನ ಕೆಳಗೆ ಉಳಿಯಲಿಲ್ಲ.

ಮೂರನೆಯ ದಿನ ಪವಿತ್ರ ಪಾಂಡವಪುರದಲ್ಲಿ ಬಸ್ಸು ಬದಲಿಸಿ ಪಾಲಹಳ್ಳಿಗೆ ಹೋದಳು. ಏನು ಹೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡಳು. ಸಿದ್ದರಾಜುವಿನ ಹೆಂಡತಿ ಲತ ಆಸ್ಪತ್ರೆಗೆ ಬಟ್ಟೆ ಒಯ್ಯಲು ಮನೆಗೆ ಬಂದಿದ್ದಳು. ಜಗಲಿಯ ಮೇಲೆ ಮರಿಯಯ್ಯ ಕೂತಿದ್ದರು.

“ಆ ಪುಟ ಮಾಡಿದ್ದು ನಾನು,” ಎಂದಳು ಪವಿತ್ರ. “ಅವತ್ತು ಅದು ತಪ್ಪು ತೋರಿಸ್ತು. ತಪ್ಪು ನಂದು.”

ಲತ ಕೈಯಲ್ಲಿದ್ದ ಪಂಚೆಯನ್ನು ಮಡಿಸಿದಳು, ಬಿಡಿಸಿದಳು, ಮತ್ತೆ ಮಡಿಸಿದಳು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎಂದು ಪವಿತ್ರಳಿಗೆ ಅನ್ನಿಸಿತು.

“ನಾನೂ ನೋಡ್ದೆ ಅವತ್ತು,” ಎಂದಳು ಲತ ಕೊನೆಗೆ. “ಅಸ್ರು ಆಯ್ತು, ವೋಗಿ ಬಾ ಅಂತ ನಾನೇ ಕಳಿಸ್ದೆ.”

ಹೊಲಗಳಾಚೆ ಹೊಳೆಯ ಸದ್ದು ಒಂದೇ ಸಮನೆ ಇತ್ತು. ಮೋಡ ಮತ್ತೆ ಕೆಳಗಿಳಿದಿತ್ತು.

“ವೊಳೆ ಪಕ್ಕದ ಹಟ್ಟೀಲಿ ಎರಡು ಎಮ್ಮೆ ಅವೆ,” ಎಂದಳು ಲತ. “ನಾ ಬರೋದು ನಾಳಿಕ್ಕೆ. ಮೇಲಕ್ಕೆ ವೊಡ್ಸಬೇಕೋ ಏನೋ.” ಆಮೇಲೆ ಪವಿತ್ರಳ ಕೈಯಲ್ಲಿದ್ದ ಮೊಬೈಲಿನತ್ತ ನೋಡಿ ಕೇಳಿದಳು, “ಈಗ ಯಾವ್ ಬಣ್ಣ ಅದೆ?”

ಪವಿತ್ರ ಪರದೆ ತೆರೆಯಲಿಲ್ಲ; ಮೊಬೈಲನ್ನು ಚೀಲದೊಳಗಿಟ್ಟಳು. ಮರಿಯಯ್ಯ ಎದ್ದು ಕೊಡೆ ತೆಗೆದುಕೊಂಡರು.

“ಬಾರವ್ವ,” ಎಂದರು ಪವಿತ್ರಳಿಗೆ. “ಅಳ್ತೆ ಕಲ್ಲು ನೋಡ್ಕಂಡು ಬರಾವ.”