ಗಾಜು ತೊಳೆಯುವ ನೀರು, ಕುಡಿಯುವ ಬಾಟಲಿ

ಕಾಫಿ ಕೊಯ್ಲು ಶುರುವಾಯಿತೆಂದರೆ ಜಾವಳಿ ಕಡೆಯ ಮಣ್ಣುರಸ್ತೆಗಳಲ್ಲಿ ಧೂಳಿಗೆ ಬಿಡುವೇ ಇರುವುದಿಲ್ಲ. ಬೆಳಿಗ್ಗೆ ಇಬ್ಬನಿ, ಮಧ್ಯಾಹ್ನ ಕೆಂಪು ಧೂಳು. ಎರಡೂ ಸೇರಿ ಜೀಪಿನ ಮುಂದಿನ ಗಾಜಿನ ಮೇಲೆ ಕೆಸರಿನ ತೆಳು ಪದರ ಕಟ್ಟುತ್ತದೆ.

ಕೊಯ್ಲಿನ ಹೆಂಗಸರನ್ನು ಎಸ್ಟೇಟಿಗೆ ಬಿಟ್ಟು, ಸಂಜೆ ಮನೆಗೆ ಕರೆತರುವ ಲಕ್ಕಯ್ಯನಿಗೆ ಅದೊಂದು ವಿಷಯವೇ ಆಗಿರಲಿಲ್ಲ. ಬೆಳಿಗ್ಗೆ ಹೊರಡುವಾಗ ಒಂದು ಚೊಂಬು ನೀರು ಎರಚಿ, ಹಳೇ ಪೇಪರಿನಲ್ಲಿ ಒರೆಸಿದರೆ ಅವನ ಕೆಲಸ ಮುಗಿಯಿತು. ಗಾಜಿಗೆ ನೀರು ಚಿಮ್ಮಿಸುವ ಪುಟ್ಟ ಟ್ಯಾಂಕು ಬಾನೆಟ್ಟಿನೊಳಗೆ ಇತ್ತು ನಿಜ. ಒಮ್ಮೆ ಅದಕ್ಕೆ ಬಟ್ಟೆ ಒಗೆಯುವ ಪೌಡರ್ ಕಲಸಿದ ನೀರು ಹಾಕಿದ್ದ. ಪೌಡರ್ ಗಟ್ಟಿಯಾಗಿ ನೀರು ಚಿಮ್ಮುವ ತೂತು ಕಟ್ಟಿಕೊಂಡಿತು. ಆಮೇಲೆ ಆ ಕಡೆ ತಿರುಗಿಯೂ ನೋಡಿರಲಿಲ್ಲ.

ಮುಂದಿನ ಸೀಟಿನಲ್ಲಿ ಕೂರುವ ಯಲ್ಲಮ್ಮ ಮಾತ್ರ ಆಗಾಗ ಗೊಣಗುತ್ತಿದ್ದಳು.

“ಲಕ್ಕಣ್ಣ, ನಂಗಂತೂ ರಸ್ತೆನೇ ಕಾಣ್ತಿಲ್ಲ. ನಿಂಗೆ ಕಾಣುತ್ತಾ?”

“ಈ ರಸ್ತೆ ಕಣ್ಣು ಮುಚ್ಕೊಂಡ್ರೂ ಗೊತ್ತು ಮಾರಾಯ್ತಿ. ನೀ ಸುಮ್ನೆ ಕೂತ್ಕೋ.”

ಲಕ್ಕಯ್ಯನ ಅಕ್ಕನ ಮಗ ರವಿ ಹೋಂಸ್ಟೇ ಒಂದರಲ್ಲಿ ಕಾರು ಓಡಿಸುತ್ತಾನೆ. ಒಂದು ಭಾನುವಾರ ಬಂದವನು ಮಾವನ ಜೀಪಿನ ಗಾಜು ನೋಡಿ ತಲೆ ಚಚ್ಚಿಕೊಂಡ.

“ಮಾವ, ಇದೇನು ಗಾಜಾ, ಗೋಡೆಯಾ? ಅಂಗಡೀಲಿ ಇದಕ್ಕಂತಲೇ ಲಿಕ್ವಿಡ್ ಸಿಗುತ್ತೆ. ನಮ್ಮ ಕಡೆ ಎಲ್ಲಾ ಅಂಗಡೀಲೂ ಇಡಲ್ಲ, ಅದಕ್ಕೆ ನಾನು ಮೊಬೈಲಲ್ಲಿ ವಿಡಿಯೋ ನೋಡಿ ಮನೇಲೇ ಮಾಡಿ ತಂದಿದ್ದೀನಿ. ಪೇಂಟ್ ಅಂಗಡಿ ಸ್ಪಿರಿಟ್ಟು, ನೀರು, ಒಂದ್ ಚೂರು ಸೋಪು. ಬಟ್ಟೆಗೆ ಹಾಕಿ ಒರೆಸಿದ್ರೆ ಫಳಫಳ ಅನ್ನುತ್ತೆ.”

“ಆಯ್ತು, ಅಲ್ಲೇ ಸೀಟಿನ ಕೆಳಗೆ ಇಡು” ಎಂದ ಲಕ್ಕಯ್ಯ. ಇಟ್ಟದ್ದನ್ನು ಮರೆತೇಬಿಟ್ಟ. ರವಿ ಅದನ್ನು ತುಂಬಿಸಿದ್ದು ಕುಡಿಯುವ ನೀರಿನ ಖಾಲಿ ಬಾಟಲಿಯಲ್ಲಿ. ಬಣ್ಣವಿಲ್ಲ, ಚೀಟಿಯಿಲ್ಲ. ನೋಡಿದರೆ ನೀರೇ.

ಆ ವಾರವೇ ಒಂದು ಸಂಜೆ. ಕೊಯ್ದ ಕಾಫಿ ಹಣ್ಣು ತೂಕ ಹಾಕಿಸುವಷ್ಟರಲ್ಲಿ ಎಲ್ಲರಿಗೂ ಸಾಕಾಗಿ ಹೋಗಿತ್ತು. ತಂದ ನೀರೆಲ್ಲ ಮಧ್ಯಾಹ್ನವೇ ಖಾಲಿ. ಜೀಪು ಹತ್ತಿದ ಯಲ್ಲಮ್ಮನ ಕಾಲಿಗೆ ಸೀಟಿನ ಕೆಳಗಿನ ಬಾಟಲಿ ತಾಗಿತು. “ಅಯ್ಯೋ, ನೀರಿಟ್ಕೊಂಡೂ ಹೇಳ್ಲಿಲ್ವಲ್ಲ!” ಎನ್ನುತ್ತಾ ಮುಚ್ಚಳ ತೆಗೆದು, ತಲೆ ಹಿಂದಕ್ಕೆ ಬಾಗಿಸಿ, ತುಟಿಗೆ ತಾಗಿಸದೆ ಮೇಲಿಂದ ಬಾಯಿಗೆ ಸುರಿದುಕೊಂಡಳು.

ಲಕ್ಕಯ್ಯ ತಿರುಗಿ ನೋಡುವ ಹೊತ್ತಿಗೆ ಅವಳು ಕೆಮ್ಮುತ್ತಾ ಹೊರಗೆ ಉಗುಳುತ್ತಿದ್ದಳು. ಒಂದು ಗುಟುಕು ಮಾತ್ರ ಗಂಟಲಲ್ಲಿ ಇಳಿದಾಗಿತ್ತು.

“ಏನಿದು ಲಕ್ಕಣ್ಣ? ಎದೆ ಉರೀತಿದೆ!”

ಅದು ರವಿ ಇಟ್ಟ ಬಾಟಲಿಯೆಂದು ಲಕ್ಕಯ್ಯನಿಗೆ ಆಗ ಹೊಳೆಯಿತು. ಹಿಂದಿದ್ದ ಹೆಂಗಸರಲ್ಲಿ ಒಬ್ಬಳು, “ಉಪ್ಪುನೀರು ಕುಡಿಸಿ ವಾಂತಿ ಮಾಡಿಸಿ” ಎಂದಳು. ಇನ್ನೊಬ್ಬಳು ಯಲ್ಲಮ್ಮನ ಬಾಯೊಳಗೆ ಬೆರಳು ಹಾಕಲು ಮುಂದಾದಳು. ಲಕ್ಕಯ್ಯನಿಗೆ ಊರಿನ ಆಶಾ ಕಾರ್ಯಕರ್ತೆ ಪವಿತ್ರಾಳ ನೆನಪಾಯಿತು. ಕೂಡಲೇ ಫೋನ್ ಹಚ್ಚಿ, ಏನಾಯಿತೆಂದು ಹೇಳಿದ.

“ಲಕ್ಕಣ್ಣ, ಗಾಬರಿ ಆಗ್ಬೇಡಿ, ನಾ ಹೇಳ್ದಂಗೆ ಮಾಡಿ” ಎಂದಳು ಪವಿತ್ರಾ. “ವಾಂತಿ ಮಾಡಿಸ್ಲೇಬೇಡಿ. ವಾಂತಿ ಆದ್ರೆ ಅದು ಶ್ವಾಸಕ್ಕೆ ಹೋಗಿ ಇನ್ನೂ ಕಷ್ಟ ಆಗುತ್ತೆ. ಬಾಯಿ ಮುಕ್ಕಳಿಸೋಕೆ ನೀರು ಸಿಕ್ರೆ ಮುಕ್ಕಳಿಸ್ಲಿ. ಆ ಬಾಟಲಿ ಬಿಸಾಕ್ಬೇಡಿ, ಜೊತೇಲೇ ತನ್ನಿ, ಡಾಕ್ಟರ್ ನೋಡ್ಬೇಕು. ನಾನು 108ಕ್ಕೆ ಹೇಳ್ತೀನಿ. ನೀವು ಹೊರಡಿ, ದಾರೀಲಿ ಎದುರಿಗೆ ಸಿಗ್ತಾರೆ.”

ಲಕ್ಕಯ್ಯ ಜೀಪು ಓಡಿಸಿದ. ಬಣಕಲ್ ಕಡೆಗೆ ಇಳಿಯುವ ರಸ್ತೆಯಲ್ಲಿ ಒಂದು ತಿರುವು ತೆಗೆದದ್ದೇ ತಡ, ಇಳಿಬಿಸಿಲು ನೇರ ಗಾಜಿಗೆ ಹೊಡೆಯಿತು. ಧೂಳಿನ ಮೇಲೆ ಬಿದ್ದ ಬಿಸಿಲಿಗೆ ಇಡೀ ಗಾಜು ಬೆಳ್ಳಗಾಯಿತು. ವೈಪರ್ ಹಾಕಿದ. ಒಣಗಾಜಿನ ಮೇಲೆ ಅದು ಕಿರಗುಟ್ಟುತ್ತಾ ಧೂಳನ್ನು ಇನ್ನಷ್ಟು ಬಳಿಯಿತು. ಕಣ್ಣು ಮುಚ್ಚಿದರೂ ಗೊತ್ತು ಎಂದಿದ್ದ ರಸ್ತೆ ಕಣ್ಣು ತೆರೆದಿದ್ದರೂ ಕಾಣದಾಯಿತು. ಬ್ರೇಕ್ ತುಳಿದ.

ಜೀಪು ನಿಂತಿತು. ತಲೆ ಹೊರಗೆ ಹಾಕಿ ನೋಡಿದರೆ, ಒಂದು ಮಾರು ಮುಂದೆ ಕಾಫಿ ಮೂಟೆ ತುಂಬಿದ ಟ್ರ್ಯಾಕ್ಟರ್ ಕೆಟ್ಟು ನಿಂತಿತ್ತು. ಅದರ ಪಕ್ಕದಲ್ಲಿ ಡ್ರೈವರ್ ಚಕ್ರದ ಬಳಿ ಕುಕ್ಕರುಗಾಲಲ್ಲಿ ಕೂತಿದ್ದ.

ಹೆಂಗಸರು ತಲೆಗೆ ಕಟ್ಟಿದ ಬಟ್ಟೆ ಬಿಚ್ಚಿ, ಪಕ್ಕದ ಹಳ್ಳಕ್ಕೆ ಓಡಿ, ಒದ್ದೆ ಮಾಡಿಕೊಂಡು ಬಂದು ಗಾಜು ಉಜ್ಜಿದರು. ಯಲ್ಲಮ್ಮ ಅದೇ ಹಳ್ಳದ ನೀರಲ್ಲಿ ಬಾಯಿ ಮುಕ್ಕಳಿಸಿದಳು. ಒಂದೊಂದು ಕ್ಷಣವೂ ಅಮೂಲ್ಯವಾಗಿದ್ದ ಹೊತ್ತಿನಲ್ಲಿ, ಗಾಜಿಗಾಗಿ ರಸ್ತೆ ಬದಿಯಲ್ಲಿ ನಿಲ್ಲಬೇಕಾಗಿ ಬಂತಲ್ಲ ಎಂದು ಲಕ್ಕಯ್ಯ ಒಳಗೊಳಗೇ ಬೆಂದುಹೋದ.

ಬಣಕಲ್ ಹತ್ತಿರ ಆಂಬ್ಯುಲೆನ್ಸ್ ಎದುರಾಯಿತು. ಮೂಡಿಗೆರೆಯ ಆಸ್ಪತ್ರೆಯಲ್ಲಿ ಡಾಕ್ಟರು ಬಾಟಲಿ ಮೂಸಿ ನೋಡಿದರು, ರಕ್ತ ತೆಗೆಸಿದರು.

“ಇಂಥ ಸ್ಪಿರಿಟ್ಟಲ್ಲಿ ಕಣ್ಣು ತೆಗೆಯೋ ವಿಷಾನೂ ಇರಬಹುದು. ಮೊದಲು ಏನೂ ಆಗಿಲ್ಲ ಅನ್ಸುತ್ತೆ, ಆಮೇಲೆ ಗೊತ್ತಾಗುತ್ತೆ. ನಾಳೆವರೆಗೂ ಇಲ್ಲೇ ಇರ್ಲಿ, ನೋಡ್ಕೋತೀವಿ” ಎಂದರು.

ಲಕ್ಕಯ್ಯ ಮನೆಗೆ ಹೋಗಲಿಲ್ಲ. ಆಸ್ಪತ್ರೆಯ ಬೆಂಚಿನಲ್ಲೇ ಬೆಳಗು ಮಾಡಿದ. ವಿಷಯ ತಿಳಿದು ಓಡಿಬಂದ ರವಿ ಮಾವನ ಪಕ್ಕದಲ್ಲಿ ತಲೆ ತಗ್ಗಿಸಿ ಕೂತಿದ್ದ.

ಬೆಳಿಗ್ಗೆ ನರ್ಸ್ ಬಂದು ಒಳಗೆ ಕರೆದರು. ಯಲ್ಲಮ್ಮ ಮಂಚದ ಮೇಲೆ ಎದ್ದು ಕೂತಿದ್ದಳು.

“ನಾನು ಕಾಣ್ತೀನಾ ಯಲ್ಲಮ್ಮ?” ಎಂದ ಲಕ್ಕಯ್ಯ, ಬಾಗಿಲಲ್ಲೇ ನಿಂತು.

“ಕಾಣದೆ ಏನು? ಗಡ್ಡ ಕೆರೆಸಿಲ್ಲ, ಅದೂ ಕಾಣುತ್ತೆ. ಮೊದಲು ಒಂದ್ ಲೋಟ ಕಾಫಿ ತರಿಸು. ನಿನ್ ಜೀಪಿನ ಗಾಜು ತೊಳೆಯೋದು ಬಿಟ್ಟು ನನ್ ಹೊಟ್ಟೆ ತೊಳೆದ್ಯಲ್ಲ ಮಾರಾಯ!”

ಲಕ್ಕಯ್ಯ ನಗಲು ಹೋದ, ಕಣ್ಣಲ್ಲಿ ನೀರು ಬಂತು. ರಕ್ತದ ಪರೀಕ್ಷೆಯಲ್ಲಿ ತೊಂದರೆ ಕಾಣಲಿಲ್ಲ, ಇನ್ನು ಮನೆಗೆ ಹೋಗಬಹುದು ಎಂದರು ಡಾಕ್ಟರು. ರವಿ ಕಾಫಿಗೆಂದು ಓಡಿದ. ಅವನ ಹೆಜ್ಜೆಯೇ ಹಗುರಾಗಿತ್ತು.

ಯಲ್ಲಮ್ಮನನ್ನು ಮನೆಗೆ ಬಿಟ್ಟ ಮಾರನೇ ದಿನ ಲಕ್ಕಯ್ಯ, ರವಿ ಇಬ್ಬರೂ ಬಣಕಲ್‌ನ ಮೆಕ್ಯಾನಿಕ್ ಕಲ್ಲೇಶ್ ಹತ್ತಿರ ಜೀಪು ತಂದರು. ಗಾಜು ತೊಳೆಯುವ ನೀರು ಹೇಗೆ ಮಾಡುತ್ತಾರೋ ನೋಡಬೇಕು ಎಂದು ಯಲ್ಲಮ್ಮನೂ, ಅವಳ ಜೊತೆಗೆ ಪವಿತ್ರಾಳೂ ಬಂದಿದ್ದರು.

“ನೀ ನೋಡಿದ ವಿಡಿಯೋ ಹಿಮ ಬೀಳೋ ದೇಶದ್ದು ರವಿ” ಎಂದ ಕಲ್ಲೇಶ್, ನಡೆದದ್ದೆಲ್ಲ ಕೇಳಿ. “ಅಲ್ಲಿ ಟ್ಯಾಂಕಿನ ನೀರು ಗಡ್ಡೆ ಕಟ್ಟುತ್ತೆ, ಅದಕ್ಕೆ ಸ್ಪಿರಿಟ್ ಹಾಕ್ತಾರೆ. ನಮ್ಮಲ್ಲಿ ಎಷ್ಟು ಚಳಿ ಆದ್ರೂ ನೀರು ಗಡ್ಡೆ ಆಗುತ್ತಾ?”

“ಹಂಗಾದ್ರೆ ಏನು ಹಾಕೋದು?”

“ಬಟ್ಟೇಲಿ ಸೋಸಿದ ಶುದ್ಧ ನೀರು. ಒಂದು ದೊಡ್ಡ ಬಾಟಲಿ ನೀರಿಗೆ ಅರ್ಧ ಟೀ ಚಮಚ ತಲೆಗೆ ಹಾಕೋ ಶಾಂಪೂ. ಅಷ್ಟೇ.”

ಲಕ್ಕಯ್ಯನಿಗೆ ನಂಬಿಕೆ ಬರಲಿಲ್ಲ. “ಇಷ್ಟೇನಾ? ಇಷ್ಟಕ್ಕೆ ಧೂಳು ಹೋಗುತ್ತಾ? ಇನ್ನೊಂದ್ ಸ್ವಲ್ಪ ಶಾಂಪೂ ಹಾಕು ಮಾರಾಯ.”

“ಜಾಸ್ತಿ ಹಾಕಿದ್ರೆ ನೊರೆ ಬರುತ್ತೆ ಲಕ್ಕಣ್ಣ. ನೊರೆ ಒಣಗಿದ್ರೆ ಗಾಜಿನ ಮೇಲೆ ಬಿಳಿ ಕಲೆ. ಬಿಸಿಲಿಗೆ ಮತ್ತೆ ಏನೂ ಕಾಣಲ್ಲ. ಸೋಪಿನ ಪೌಡರ್ ತೂತು ಕಟ್ಟಿಸುತ್ತೆ, ಅದು ನಿಮಗೇ ಗೊತ್ತು. ಸೀಮೆಎಣ್ಣೆ ಹಾಕಿದ್ರೆ ವೈಪರಿನ ರಬ್ಬರ್ ಹಾಳು.”

“ನಮ್ಮ ಅಂಟುವಾಳ ಕಾಯಿ ಆಗಲ್ವಾ?” ಎಂದು ಕೇಳಿದಳು ಯಲ್ಲಮ್ಮ.

“ಆಗುತ್ತೆ. ನೆನೆಸಿ, ತೆಳ್ಳಗೆ ಮಾಡಿ, ಬಟ್ಟೇಲಿ ಎರಡು ಸಲ ಸೋಸ್ಬೇಕು. ಆದ್ರೆ ಅದು ಬೇಗ ಹುಳಿಯುತ್ತೆ, ಟ್ಯಾಂಕಲ್ಲಿ ಇಡ್ಬಾರ್ದು. ಅವತ್ತಿಂದು ಅವತ್ತೇ ಮಾಡ್ಕೊಂಡು ಬಟ್ಟೇಲಿ ಒರೆಸೋಕೆ ಒಳ್ಳೇದು.”

ಕಲ್ಲೇಶ್ ಟ್ಯಾಂಕು ತೊಳೆದು, ಕಟ್ಟಿದ ತೂತನ್ನು ಸೂಜಿಯಿಂದ ಬಿಡಿಸಿ, ವೈಪರಿನ ಸವೆದ ರಬ್ಬರ್ ಬದಲಾಯಿಸಿ, ಶಾಂಪೂ ನೀರು ತುಂಬಿಸಿದ. ಲಕ್ಕಯ್ಯ ಸೀಟಿನಲ್ಲಿ ಕೂತು ಗುಂಡಿ ಒತ್ತಿದ. ಎರಡು ಸಣ್ಣ ಕಾರಂಜಿ ಚಿಮ್ಮಿದವು. ವೈಪರ್ ಎರಡು ಸಲ ಅತ್ತಿತ್ತ ಹೋಯಿತು. ಎದುರಿನ ರಸ್ತೆ, ನಿಂತ ಬಸ್ಸು, ಬಸ್ಸಿನ ಬೋರ್ಡಿನ ಅಕ್ಷರ ಕೂಡ ನಿಚ್ಚಳವಾಗಿ ಕಂಡವು. ಲಕ್ಕಯ್ಯ ಇನ್ನೊಮ್ಮೆ ಒತ್ತಿದ. ಮತ್ತೊಮ್ಮೆ ಒತ್ತಿದ.

“ಸಾಕು ಮಾವ, ಎಲ್ಲಾ ಇಲ್ಲೇ ಖಾಲಿ ಮಾಡ್ತೀಯ” ಎಂದು ನಕ್ಕ ರವಿ.

ಉಳಿದ ನೀರನ್ನು ರವಿ ಒಂದು ಕ್ಯಾನಿಗೆ ತುಂಬಿ, ‘ಗಾಜಿಗೆ ಮಾತ್ರ’ ಎಂದು ದಪ್ಪಕ್ಷರದಲ್ಲಿ ಬರೆದ.

“ಓದೋಕೆ ಬರದವರು ಏನು ಮಾಡ್ಬೇಕು?” ಎಂದಳು ಯಲ್ಲಮ್ಮ. “ನಂಗೆ ಬರಲ್ವಲ್ಲ.”

ಪವಿತ್ರಾ ಕೆಂಪು ಪೇಂಟ್ ತೆಗೆದುಕೊಂಡು ಒಂದು ಲೋಟದ ಚಿತ್ರ ಬರೆದು, ಅದರ ಮೇಲೆ ಅಡ್ಡಡ್ಡ ದೊಡ್ಡ ಗೆರೆ ಎಳೆದಳು. “ಈಗ?”

“ಈಗ ಗೊತ್ತಾಯ್ತು. ಕುಡೀಬಾರ್ದು.”

“ಮತ್ತೆ ಸೀಟಿನ ಕೆಳಗೆ ಇಡ್ಬೇಡಿ, ಲಕ್ಕಣ್ಣ. ಜನ ಕೂರೋ ಜಾಗದಿಂದ ದೂರ, ಟೂಲ್ ಬಾಕ್ಸಲ್ಲಿ.”

“ಅಲ್ಲೇ ಇಡ್ತೀನಮ್ಮ” ಎಂದ ಲಕ್ಕಯ್ಯ. ಅಂದು ಸಂಜೆ ಮನೆಗೆ ಹೋಗುವಾಗ, ಇನ್ನೊಂದು ತಿರುವಿನಲ್ಲಿ ಬಿಸಿಲು ಮತ್ತೆ ಗಾಜಿಗೆ ಹೊಡೆಯಿತು. ಅವನು ನಿಧಾನ ಮಾಡಿ, ನೀರು ಚಿಮ್ಮಿಸಿ, ರಸ್ತೆ ನೋಡಿಕೊಂಡು ಮುಂದೆ ಹೋದ. ಪಕ್ಕದಲ್ಲಿ ಯಲ್ಲಮ್ಮ ಗೊಣಗಲಿಲ್ಲ. ನಿಶ್ಚಿಂತೆಯಿಂದ ತೂಕಡಿಸುತ್ತಿದ್ದಳು.

ಜೀಪು, ಪಿಕಪ್, ಕಾರು ಓಡಿಸುವ ಅಣ್ಣತಮ್ಮಂದಿರೇ, ಅಕ್ಕತಂಗಿಯರೇ, ಇವತ್ತೇ ಬಾನೆಟ್ ತೆಗೆದು ನೋಡಿ: ನಿಮ್ಮ ಗಾಡಿಯ ಪುಟ್ಟ ಟ್ಯಾಂಕಿನಲ್ಲಿ ನೀರಿದೆಯೇ? ಅಂಗಡಿಯ ಲಿಕ್ವಿಡ್ ಸಿಗದಿದ್ದರೆ ಸೋಸಿದ ನೀರು, ಒಂಚೂರು ಶಾಂಪೂ ಸಾಕು. ಹಳೆಯದಾಗಿ ವಾಸನೆ ಬಂದರೆ ಚೆಲ್ಲಿ ಹೊಸದು ತುಂಬಿ. ಸ್ಪಿರಿಟ್, ಸೀಮೆಎಣ್ಣೆ ಬೇಡವೇ ಬೇಡ. ಏನನ್ನೇ ಕಲಸಿಟ್ಟರೂ ಕುಡಿಯುವ ಬಾಟಲಿಯಲ್ಲಿ ಇಡಬೇಡಿ. ಯಾರಾದರೂ ತಪ್ಪಿ ಕುಡಿದರೆ ವಾಂತಿ ಮಾಡಿಸದೆ, ಬಾಟಲಿ ಸಮೇತ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ. ಗಾಡಿ ಹತ್ತುವವರೇ, ಗಾಜು ಮಸುಕಾಗಿದ್ದರೆ ಸಂಕೋಚಪಡದೆ ಡ್ರೈವರಿಗೆ ಹೇಳಿ: “ಅಣ್ಣ, ಮೊದಲು ಗಾಜು ತೊಳಿ, ಆಮೇಲೆ ಹೊರಡೋಣ.”